ಪೆಟ್ರಾದ ಕಲ್ಲಿನ ಸಂದಿಯಲ್ಲಿ ನಡೆಯುವುದು ಹೇಗೆ: ಬೆಂಗಳೂರಿನಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಚಿಕ್ಕಪೇಟೆಯ ಸಂದಿಗಳಲ್ಲಿ ಓಡಾಡಿ ಬೆಳೆದವರಿಗೆ ಜೋರ್ಡನ್ ದೇಶದಲ್ಲಿ ಬಂಡೆ ಕೊರೆದು ಮಾಡಿದ ಹಳೆಯ ನಗರ ಪೆಟ್ರಾಕ್ಕೆ ಒಳಹೋಗುವ ಕಮರಿ ‘ಸಿಕ್’ ತೀರಾ ಹೊಸದು ಅನ್ನಿಸುವುದಿಲ್ಲ. ಎರಡೂ ಕಡೆ ಗೋಡೆ. ಮೇಲೆ ಒಂದು ಪಟ್ಟಿ ಆಕಾಶ. ಹಿಂದಿನಿಂದ ಯಾರೋ ‘ಸರೀರಿ, ಸರೀರಿ’ ಅಂತ ಅವರ ಭಾಷೆಯಲ್ಲಿ ಕೂಗಿಕೊಂಡು ಗಾಡಿ ತರುತ್ತಾರೆ. ಆದರೆ ಇಲ್ಲಿನ ಗೋಡೆ ಮರಳುಗಲ್ಲಿನ ಬಂಡೆ, ಕೆಲವು ಕಡೆ ಸುಮಾರು 180 ಮೀಟರ್ ಎತ್ತರ. ಮಹಡಿಗೆ 3 ಮೀಟರ್ ಅಂತ ಇಟ್ಟುಕೊಂಡರೆ 60 ಮಹಡಿ. ಅಗಲ ಮಾತ್ರ ಕಿರಿದಾದ ಕಡೆ 3 ಮೀಟರ್. ಎರಡು ಆಟೋ ಎದುರುಬದುರಾದರೆ ಡ್ರೈವರ್‌ಗಳು ಇಳಿದು ಜಗಳಕ್ಕೆ ನಿಲ್ಲುವಷ್ಟು ಜಾಗ.

ಈ ಕಮರಿಯ ಉದ್ದ 1.2 ಕಿ.ಮೀ. ಲಾಲ್‌ಬಾಗ್‌ನಲ್ಲಿ ದಿನಾ ವಾಕಿಂಗ್ ಮಾಡುವವರಿಗೆ ಅದು ಲೆಕ್ಕಕ್ಕೇ ಇಲ್ಲ. ಮತ್ತೆ ಇಷ್ಟುದ್ದ ಬರೆಯುವುದು ಯಾಕೆ? ನಾವು ಮೊದಲ ದಿನ ಇದನ್ನು ಪೂರ್ತಿ ತಲೆಕೆಳಗಾಗಿ ಮಾಡಿದೆವು, ಅದಕ್ಕೆ. ಹೋಗುವಾಗ ಬ್ಯಾಟರಿ ಗಾಡಿಯಲ್ಲಿ ಕೂತು ಕಣ್ಣು ಮಿಟುಕಿಸುವುದರಲ್ಲಿ ಕೆಳಗಿಳಿದೆವು. ಏನೂ ನೋಡಲಿಲ್ಲ. ಬರುವಾಗ ಮಟಮಟ ಮಧ್ಯಾಹ್ನ ಏರುದಾರಿಯಲ್ಲಿ ನಡೆದೆವು. ಅಮ್ಮನ ಮಂಡಿ ಊದಿಕೊಂಡಿತು. ಎರಡನೇ ದಿನ ಬೆಳಿಗ್ಗೆ ಅವಳ ಜೊತೆ ನಿಧಾನವಾಗಿ ಇಳಿಯುವಾಗ ಗೊತ್ತಾಯಿತು, ಇದು ದಾರಿ ಆಗುವುದಕ್ಕೆ ಮೊದಲು ನೀರಿನ ಹಾದಿ, ನಮ್ಮ ರಾಜಕಾಲುವೆಯ ಹಾಗೆ. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ನೋಡುತ್ತಾ ನಡೆದರೆ ಸಿಕ್ ಪುಸ್ತಕದ ಹಾಗೆ ತೆರೆದುಕೊಳ್ಳುತ್ತದೆ. ಅದರ ಅಪಾಯ ಕೂಡ ಆಗಲೇ ಅರ್ಥವಾಗುವುದು.

ಮೊದಲು ತಿಂಗಳು ಆರಿಸಿ

ಮರುಭೂಮಿ ಅಂದ ತಕ್ಷಣ ನಮ್ಮ ತಲೆಯಲ್ಲಿ ಮರಳುದಿಬ್ಬ, ಒಂಟೆ, ಬೆಂಕಿಯಂಥ ಬಿಸಿಲು ಬರುತ್ತದೆ. ಪೆಟ್ರಾ ಹಾಗಿಲ್ಲ. ಅದು ಗುಡ್ಡಗಾಡಿನ ಮರುಭೂಮಿ. ಸಮುದ್ರಮಟ್ಟದಿಂದ ಎತ್ತರ ನೋಡಿದರೆ ಹೆಚ್ಚುಕಮ್ಮಿ ನಮ್ಮ ಬೆಂಗಳೂರಿನಷ್ಟೇ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಸೊನ್ನೆ ಡಿಗ್ರಿ ಹತ್ತಿರ ಹೋಗುತ್ತದೆ, ಕೆಲವು ವರ್ಷ ಹಿಮ ಕೂಡ ಬೀಳುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನದ ಬಿಸಿಲು ಜೋರು.

ಮಾರ್ಚ್‌ನಿಂದ ಮೇ, ಸೆಪ್ಟೆಂಬರ್‌ನಿಂದ ನವೆಂಬರ್ ನಡೆಯುವುದಕ್ಕೆ ಒಳ್ಳೆಯ ಕಾಲ. ನನ್ನನ್ನು ಕೇಳಿದರೆ ಅಕ್ಟೋಬರ್ ಮೊದಲ ಎರಡು ವಾರ. ಮಕ್ಕಳ ದಸರಾ ರಜೆಗೂ ಹೊಂದುತ್ತದೆ. ಅಲ್ಲಿ ಮಳೆ ಬರುವುದು ಚಳಿಗಾಲದ ಕಡೆಗೆ, ನಮ್ಮ ಮುಂಗಾರಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ನಂದಿಬೆಟ್ಟಕ್ಕೆ ಬೆಳಗಿನ ಜಾವ ಹೋಗುವಾಗ ಹಾಕುವ ಜಾಕೆಟ್ ಇದ್ದರೆ ಸಾಕು.

ಟಿಕೆಟ್: ಎರಡು ದಿನದ್ದೇ ತಗೊಳ್ಳಿ

ಬೆಂಗಳೂರಿನಿಂದ ಹೊರಟರೆ ಗಲ್ಫ್‌ನ ಯಾವುದಾದರೂ ಊರಿನಲ್ಲಿ ವಿಮಾನ ಬದಲಿಸಿ ಅಮ್ಮಾನ್‌ಗೆ ಇಳಿಯಬೇಕು. ಅಲ್ಲಿಂದ ಪೆಟ್ರಾದ ಬಾಗಿಲಲ್ಲಿರುವ ವಾದಿ ಮೂಸಾ ಊರಿಗೆ ರಸ್ತೆಯಲ್ಲಿ ಸುಮಾರು ಮೂರು ಗಂಟೆ. ಅಮ್ಮಾನ್‌ನಿಂದ ಬೆಳಿಗ್ಗೆ ಬಸ್ಸೂ ಇದೆ, ಆದರೆ ಅದೇ ದಿನ ಹೋಗಿ ಅದೇ ದಿನ ವಾಪಸ್ ಬರುವ ಯೋಚನೆ ಬೇಡ.

ದುಡ್ಡಿನ ವಿಷಯ. ಜೋರ್ಡನ್‌ನಲ್ಲಿ ರಾತ್ರಿ ತಂಗುವವರಿಗೆ ಪೆಟ್ರಾ ಟಿಕೆಟ್ ಒಂದು ದಿನಕ್ಕೆ 50 ದಿನಾರ್, ಎರಡು ದಿನಕ್ಕೆ 55. ಐದೇ ದಿನಾರ್ ವ್ಯತ್ಯಾಸ! ಒಂದು ದಿನಾರ್ ಅಂದರೆ ಸುಮಾರು 1.41 ಡಾಲರ್, ಆದ್ದರಿಂದ 50 ದಿನಾರ್ ಸಣ್ಣ ಮೊತ್ತವಲ್ಲ. ಇದಕ್ಕಿಂತ ಲಾಭ ಜೋರ್ಡನ್ ಪಾಸ್. ಅದನ್ನು ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಕೊಂಡು, ದೇಶದಲ್ಲಿ ಕನಿಷ್ಠ ಮೂರು ರಾತ್ರಿ ಇದ್ದರೆ 40 ದಿನಾರ್ ವೀಸಾ ಶುಲ್ಕ ಮಾಫಿ. ಪೆಟ್ರಾ ಒಂದು ದಿನ ಸೇರಿರುವ ಪಾಸ್ 70, ಎರಡು ದಿನದ್ದು 75, ಮೂರು ದಿನದ್ದು 80 ದಿನಾರ್. 75ರದ್ದು ತಗೊಳ್ಳಿ. ಈ ದರಗಳನ್ನೂ ಭಾರತೀಯರ ವೀಸಾ ನಿಯಮವನ್ನೂ ವಿಮಾನದ ಟಿಕೆಟ್ ಮಾಡುವ ಮುಂಚೆ ಇನ್ನೊಮ್ಮೆ ನೋಡಿಕೊಳ್ಳಿ, ಬದಲಾಗುತ್ತಿರುತ್ತವೆ.

ಬೆಂಗಳೂರಲ್ಲೇ ಅಭ್ಯಾಸ

ಸಿಕ್‌ನ ನೆಲ ಮೂರು ತರಹ. ಸ್ವಲ್ಪ ಕಡೆ ಎರಡು ಸಾವಿರ ವರ್ಷ ಹಳೆಯ ಸುಣ್ಣಗಲ್ಲಿನ ಹಾಸು, ಉಬ್ಬುತಗ್ಗು, ಅಂಚೆಲ್ಲ ಸವೆದು ನುಣುಪು. ಉಳಿದ ಕಡೆ ಗಟ್ಟಿ ಮಾಡಿದ ನೆಲ. ಅಲ್ಲಲ್ಲಿ ಮರಳು, ಸಣ್ಣ ಜಲ್ಲಿ. ಆ ಕಲ್ಲುಹಾಸಿನ ಮೇಲೆ ಕಾಲು ಹೊರಳಿಸಿಕೊಂಡವರನ್ನು ನಾನೇ ಇಬ್ಬರನ್ನು ನೋಡಿದೆ, ಇಬ್ಬರೂ ತಲೆಯೆತ್ತಿ ಮೇಲೆ ನೋಡುತ್ತಾ ನಡೆಯುತ್ತಿದ್ದರು.

ಹಾಗಾಗಿ ಹೊಸ ಶೂ ಕೊಂಡರೆ ಮೊದಲು ಚರ್ಚ್ ಸ್ಟ್ರೀಟ್‌ಗೆ ಕರೆದುಕೊಂಡು ಹೋಗಿ. ಅಲ್ಲಿ ಹಾಸಿರುವ ಕಲ್ಲಿನ ಮೇಲೆ ನಾಲ್ಕೈದು ಸಲ ಆ ತುದಿಯಿಂದ ಈ ತುದಿಗೆ ನಡೆಯಿರಿ. ಹಿಮ್ಮಡಿ ಅಲ್ಲಾಡುತ್ತಿದ್ದರೆ, ಬೆರಳು ಮುಂದೆ ಒತ್ತುತ್ತಿದ್ದರೆ ಅಂಗಡಿಗೆ ವಾಪಸ್ ಕೊಡಿ. ಲಾಲ್‌ಬಾಗ್ ಬಂಡೆಯ ಮೇಲೆ ಇಳಿಯುವಾಗ ಜಾರುತ್ತಾ ಅಂತಲೂ ನೋಡಿ. ಟ್ರೆಕ್ಕಿಂಗ್ ಬೂಟ್ ಬೇಕಾಗಿಲ್ಲ, ಗಟ್ಟಿ ಅಡಿಯ ಹಳೆ ವಾಕಿಂಗ್ ಶೂ ಸಾಕು. ಚಪ್ಪಲಿ ಮಾತ್ರ ಬೇಡ. ಸೀರೆ ಉಡುವವರಿಗೆ ತೊಂದರೆ ಏನಿಲ್ಲ, ನೆರಿಗೆ ಸ್ವಲ್ಪ ಮೇಲಕ್ಕೆ ಇರಲಿ. ಅಮ್ಮ ಎರಡು ದಿನವೂ ಸೀರೆಯಲ್ಲೇ ನಡೆದಳು, ಕೆಳಗೆ ಸ್ಪೋರ್ಟ್ಸ್ ಶೂ.

ಪುರುಸೊತ್ತಿದ್ದರೆ ಬಾದಾಮಿಗೆ ಒಂದು ವಾರಾಂತ್ಯ ಹೋಗಿ ಬನ್ನಿ. ಮ್ಯೂಸಿಯಂ ಪಕ್ಕದಿಂದ ಉತ್ತರದ ಕೋಟೆಗೆ, ಮೇಲಿನ ಶಿವಾಲಯಕ್ಕೆ ಹತ್ತುವ ದಾರಿ ಕೆಂಪು ಮರಳುಗಲ್ಲಿನ ಎರಡು ಗೋಡೆಗಳ ನಡುವೆ ನುಸುಳಿ ಹೋಗುತ್ತದೆ. ಸಿಕ್‌ಗೆ ಇದಕ್ಕಿಂತ ಒಳ್ಳೆಯ ರಿಹರ್ಸಲ್ ನನಗೆ ಗೊತ್ತಿಲ್ಲ. ಕಲ್ಲಿನ ಜಾತಿಯೂ ಅದೇ, ಮರಳುಗಲ್ಲು. ಒಂದೇ ವ್ಯತ್ಯಾಸ, ಪೆಟ್ರಾದಲ್ಲಿ ಊಟದ ಪೊಟ್ಟಣ ಕಿತ್ತುಕೊಳ್ಳುವ ಕೋತಿ ಇಲ್ಲ.

ಬ್ಯಾಗಿನಲ್ಲಿ ಏನಿರಬೇಕು

ತಲೆಗೆ ಒಂದೂವರೆ ಲೀಟರ್ ನೀರು, ಬೇಸಿಗೆಯಲ್ಲಾದರೆ ಇನ್ನೂ ಜಾಸ್ತಿ. ಓಆರ್‌ಎಸ್ ಎರಡು ಪೊಟ್ಟಣ. ಟೋಪಿ. ತೆಳ್ಳನೆ ಬಟ್ಟೆ ಒಂದು, ಗಾಳಿ ಬೀಸಿದರೆ ಮರಳು ಕಣ್ಣಿಗೆ ಬರುತ್ತದೆ. ಒಂದು ದಿನಾರ್‌ನ ಚಿಲ್ಲರೆ ನೋಟು. ಮಂಡಿ ನೋವಿರುವವರಿಗೆ ಮಡಚುವ ಕೋಲು. ತಿನ್ನಲು ನಾವು ಚಪಾತಿಗೆ ಚಟ್ನಿಪುಡಿ ಸವರಿ ಸುರುಳಿ ಮಾಡಿ ಒಯ್ದಿದ್ದೆವು, ಜೊತೆಗೆ ಕೋಡುಬಳೆ. ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ವಾದಿ ಮೂಸಾದಲ್ಲಿ ಹಮ್ಮಸ್, ಫಲಾಫೆಲ್ ಎಲ್ಲ ಕಡೆ ಸಿಗುತ್ತದೆ. ಫಲಾಫೆಲ್ ಅಂದರೆ ನಮ್ಮ ಮಸಾಲೆ ವಡೆಯ ದೂರದ ನೆಂಟ.

ಕಮರಿಯೊಳಗೆ ಶೌಚಾಲಯ ಇಲ್ಲ. ಗೇಟಿನ ಹತ್ತಿರ ಮುಗಿಸಿಕೊಂಡೇ ಹೊರಡಿ.

ಬೆಳಿಗ್ಗೆ ಆರಕ್ಕೆ ಗೇಟಿನಲ್ಲಿರಿ

ಇದು ಬೆಂಗಳೂರಿನವರಿಗೆ ಸುಲಭ. ಜೋರ್ಡನ್ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ 6 ಗಂಟೆ ಅಂದರೆ ನಮ್ಮ ದೇಹಕ್ಕೆ ಎಂಟೂವರೆ. ಮೊದಲೆರಡು ದಿನ ನಿದ್ದೆ ತಾನಾಗೇ ನಾಲ್ಕಕ್ಕೆ ಬಿಟ್ಟುಹೋಗುತ್ತದೆ. ಬೇರೆಯವರು ಅಲಾರಂ ಇಟ್ಟು ಒದ್ದಾಡುವಾಗ ನೀವು ಸ್ನಾನ ಮುಗಿಸಿ ಕೂತಿರುತ್ತೀರಿ. ಈ ಲಾಭ ಬಿಡಬೇಡಿ. ಪೆಟ್ರಾವನ್ನು ಬಂದ ಮೊದಲೆರಡು ದಿನಗಳಲ್ಲೇ ಇಟ್ಟುಕೊಳ್ಳಿ.

ಗೇಟು 6ಕ್ಕೆ ತೆರೆಯುತ್ತದೆ. ಏಳೂವರೆ, ಎಂಟರ ತನಕ ಸಿಕ್‌ನಲ್ಲಿ ನಿಮ್ಮ ಹೆಜ್ಜೆ ಸದ್ದು ನಿಮಗೇ ಕೇಳುತ್ತದೆ. ಆಮೇಲೆ ಪ್ರವಾಸಿ ಬಸ್‌ಗಳು ಬರುತ್ತವೆ, ಕಮರಿ ಭಾನುವಾರ ಸಂಜೆಯ ಕಮರ್ಷಿಯಲ್ ಸ್ಟ್ರೀಟ್ ಆಗುತ್ತದೆ.

ಗೇಟಿನಿಂದ ಕಮರಿಯ ಬಾಯಿಗೆ

ಟಿಕೆಟ್ ತೋರಿಸಿದ ಕೂಡಲೇ ಸಿಕ್ ಬರುವುದಿಲ್ಲ. ಮೊದಲು ಸುಮಾರು 800 ಮೀಟರ್ ಬಯಲು ದಾರಿ, ಹೆಸರು ಬಾಬ್ ಅಸ್-ಸಿಕ್, ಅಂದರೆ ಸಿಕ್‌ನ ಬಾಗಿಲು. ನೆರಳು ಕಮ್ಮಿ. ಇಲ್ಲಿ ಕುದುರೆಯವರು ಮುತ್ತಿಕೊಳ್ಳುತ್ತಾರೆ, ‘ಟಿಕೆಟ್‌ನಲ್ಲೇ ಸೇರಿದೆ, ಬನ್ನಿ’ ಅನ್ನುತ್ತಾರೆ. ಸವಾರಿ ಸೇರಿರುವುದು ನಿಜ. ಇಳಿದ ಮೇಲೆ ಕೇಳುವ ಭಕ್ಷೀಸು ಸೇರಿಲ್ಲ. ನನ್ನ ತಂಗಿಯ ಗಂಡ ಹತ್ತಿದರು, ಇಳಿಯುವಾಗ ಐದು ನಿಮಿಷ ಚೌಕಾಸಿ ನಡೆಯಿತು. ಹತ್ತುವ ಮೊದಲೇ ಎಷ್ಟು ಕೊಡುತ್ತೀರಿ ಅಂತ ಹೇಳಿಬಿಡಿ, ಇಲ್ಲದಿದ್ದರೆ ಸುಮ್ನೆ ನಡೆದುಬಿಡಿ.

ಬಲಗಡೆ ಕೋಣೆಯಷ್ಟು ದೊಡ್ಡ ಚೌಕ ಕಲ್ಲುಗಳು ನಿಂತಿವೆ, ಜಿನ್ ಕಲ್ಲುಗಳು ಅನ್ನುತ್ತಾರೆ. ಎಡಗಡೆ ನಾಲ್ಕು ಚೂಪು ಕಂಬಗಳ ಗೋರಿ. ನೋಡಿ, ಆದರೆ ಇಲ್ಲೇ ಫೋನ್ ಬ್ಯಾಟರಿ ಮುಗಿಸಬೇಡಿ.

ಅಣೆಕಟ್ಟಿನ ಹತ್ತಿರ ನಿಂತುಕೊಳ್ಳಿ

ಬಹಳ ಜನ ಗಮನಿಸದೆ ದಾಟಿಹೋಗುವ ಜಾಗ ಇದು. ಸಿಕ್ ಶುರುವಾಗುವಲ್ಲಿ ಒಂದು ಸಣ್ಣ ಅಣೆಕಟ್ಟು ಇದೆ. ಅದರ ಬಲಕ್ಕೆ ಬೆಟ್ಟದೊಳಗೆ ಕೊರೆದ ಕತ್ತಲೆ ಸುರಂಗ. ಕಮರಿಗೆ ನುಗ್ಗಬೇಕಾದ ನೀರನ್ನು ತಡೆದು, ಸುರಂಗದ ಮೂಲಕ ಬೇರೆ ಕಣಿವೆಗೆ ಕಳಿಸುವ ಏರ್ಪಾಡು. ಎರಡು ಸಾವಿರ ವರ್ಷದ ಹಿಂದೆ ಇಲ್ಲಿ ಆಳಿದ ನಬಾಟಿಯನ್ನರು ಮಾಡಿದ ಉಪಾಯ. ಅವರ ಕಾಲ ಮುಗಿದ ಮೇಲೆ ನೋಡಿಕೊಳ್ಳುವವರಿಲ್ಲದೆ ಕಟ್ಟೆ ಹಾಳಾಯಿತು, ನೀರು ಮತ್ತೆ ತನ್ನ ಹಳೆ ದಾರಿ ಹಿಡಿಯಿತು.

1963ರ ಏಪ್ರಿಲ್‌ನಲ್ಲಿ ಫ್ರಾನ್ಸ್‌ನಿಂದ ಬಂದಿದ್ದ ಪ್ರವಾಸಿಗಳ ಗುಂಪೊಂದು ಸಿಕ್‌ನೊಳಗಿದ್ದಾಗ ದಿಢೀರ್ ಪ್ರವಾಹ ಬಂತು. 20ಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ ಹಳೆಯ ಜಾಗದಲ್ಲೇ ಈಗಿನ ಅಣೆಕಟ್ಟು ಕಟ್ಟಿದರು. ಹಾಗಂತ ಅಪಾಯ ಪೂರ್ತಿ ಹೋಗಿಲ್ಲ. 2018ರ ನವೆಂಬರ್‌ನಲ್ಲಿ ಮತ್ತೆ ನೀರು ನುಗ್ಗಿ, ಸಾವಿರಾರು ಪ್ರವಾಸಿಗಳನ್ನು ಪೆಟ್ರಾದಿಂದ ಹೊರಗೆ ಕಳಿಸಬೇಕಾಯಿತು.

ಅಷ್ಟು ಕಡಿಮೆ ಮಳೆ ಬೀಳುವ ಕಡೆ ಪ್ರವಾಹ ಹೇಗೆ ಅಂತ ಅಪ್ಪ ಕೇಳಿದರು. ಸುತ್ತಲಿನ ಬೆಟ್ಟಗಳೆಲ್ಲ ಬರೀ ಬಂಡೆ. ನೀರು ಹೀರುವ ಮಣ್ಣಿಲ್ಲ, ತಡೆಯುವ ಗಿಡಮರ ಇಲ್ಲ. ಒಂದು ಗಂಟೆ ಜೋರು ಮಳೆ ಬಂದರೆ ಅಷ್ಟೂ ಜಾರಿ ಕೆಳಗೆ ಬರುತ್ತದೆ, ಕೆಳಗಿರುವುದು 3 ಮೀಟರ್ ಅಗಲದ ಒಂದೇ ಸಂದಿ. ‘ಓ, ನಮ್ಮ ಲೇಔಟ್ ತರಹ’ ಅಂದರು ಅಪ್ಪ. ಕೆರೆ ಮುಚ್ಚಿ, ಕಾಂಕ್ರೀಟ್ ಹಾಕಿ, ರಾಜಕಾಲುವೆ ಕಿರಿದು ಮಾಡಿಕೊಂಡು 2022ರ ಸೆಪ್ಟೆಂಬರ್‌ನಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಊರಿನವರು ನಾವು. ನಮಗೆ ಬೇರೆ ಉದಾಹರಣೆ ಬೇಕಾಗಿಲ್ಲ.

ಆದ್ದರಿಂದ ಇಲ್ಲಿ ನಿಯಮ, ಮಳೆಯಲ್ಲಿ ಅಂಡರ್‌ಪಾಸ್‌ಗೆ ಗಾಡಿ ಇಳಿಸಬಾರದು ಅನ್ನುತ್ತೀವಲ್ಲ, ಅದೇ:

- ಹಿಂದಿನ ರಾತ್ರಿ ಹವಾಮಾನ ನೋಡಿ. ಬೆಳಿಗ್ಗೆ ಗೇಟಿನವರನ್ನೂ ಕೇಳಿ.
- ಮಳೆ ನಿಮ್ಮ ತಲೆ ಮೇಲೆ ಬೀಳಬೇಕಾಗಿಲ್ಲ. ಪೂರ್ವದ ಬೆಟ್ಟಗಳಲ್ಲಿ ಬಿದ್ದರೂ ನೀರು ಇಲ್ಲಿಗೇ ಬರುತ್ತದೆ. ಒಳಗಿದ್ದಾಗ ಕಾಣುವುದು ಒಂದು ಪಟ್ಟಿ ಆಕಾಶ ಮಾತ್ರ, ಮೋಡ ಕಾಣುವುದೇ ಇಲ್ಲ. ನೋಡುವುದಿದ್ದರೆ ಹೊರಗೆ, ಈ ಅಣೆಕಟ್ಟಿನ ಹತ್ತಿರ ನಿಂತೇ ನೋಡಿ.
- ಸಿಬ್ಬಂದಿ ‘ಹೊರಡಿ’ ಅಂದರೆ ಹೊರಡಿ. ‘ಒಂದೇ ಒಂದು ಫೋಟೋ’ ಅನ್ನಬೇಡಿ.
- ಒಳಗಿದ್ದಾಗ ಕೆಸರು ನೀರು ಹರಿಯತೊಡಗಿದರೆ ನೀರಿನ ಮುಂದೆ ಓಡಿ ಗೆಲ್ಲುವ ಆಟ ಬೇಡ. ಹತ್ತಿರದಲ್ಲಿ ಎತ್ತರದ ಕಟ್ಟೆ, ಬಂಡೆ ಏನು ಸಿಕ್ಕರೂ ಹತ್ತಿ. ಬ್ಯಾಗ್ ಹೋದರೆ ಹೋಗಲಿ.

ಆಕಾಶ ನೀಲಿಯಾಗಿದೆಯಾ? ಒಳಗೆ ಹೋಗೋಣ.

ಈಗ ನಡಿಗೆ

ಕಮರಿಯ ಬಾಯಲ್ಲಿ ಮೊದಲು ತಲೆಯೆತ್ತಿ ನೋಡಿ. ಎರಡು ಬಂಡೆಗಳನ್ನು ಸೇರಿಸುವ ಒಂದು ಕಮಾನು ಇಲ್ಲಿತ್ತು. 19ನೇ ಶತಮಾನದ ಕೊನೆಯಲ್ಲಿ ಬಿದ್ದುಹೋಯಿತು, ಅದರ ಬುಡಗಳು ಮಾತ್ರ ಗೋಡೆಗೆ ಅಂಟಿಕೊಂಡಿವೆ.

ನಾಲ್ಕು ಹೆಜ್ಜೆ ಒಳಗೆ ಹೋದರೆ ಗಾಳಿ ತಣ್ಣಗಾಗುತ್ತದೆ. ನೀರೇ ಕೊರೆದ ಕಮರಿ ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಭೂಮಿಯ ಒತ್ತಡಕ್ಕೆ ಬೆಟ್ಟವೇ ಎರಡಾಗಿ ಸೀಳಿ ಬಂದ ಬಿರುಕು ಇದು, ನೀರು ಬಂದು ನಯ ಮಾಡಿದ್ದು ಆಮೇಲೆ. ಕೆಲವು ತಿರುವುಗಳಲ್ಲಿ ನಿಂತು ಎರಡೂ ಗೋಡೆ ಹೋಲಿಸಿ ನೋಡಿ. ಈ ಕಡೆ ಉಬ್ಬಿದ್ದಲ್ಲಿ ಆ ಕಡೆ ತಗ್ಗು. ಮುರಿದ ನಿಪ್ಪಟ್ಟಿನ ಎರಡು ಚೂರುಗಳನ್ನು ಪಕ್ಕಪಕ್ಕ ಇಟ್ಟ ಹಾಗೆ. ಕಲ್ಲಿನ ಮೇಲಿನ ಕೆಂಪು, ಕಂದು, ನೇರಳೆ ಪಟ್ಟೆಗಳೆಲ್ಲ ಕಬ್ಬಿಣ, ಮ್ಯಾಂಗನೀಸ್ ಅಂಶದ ಬಣ್ಣ.

ಈಗ ನೀರಿನ ಕಡೆ ಬನ್ನಿ. ಎಡಗೋಡೆಯನ್ನು ಹಿಡಿದೇ ಒಂದು ತೋಡು ಸಾಗುತ್ತದೆ, ಬಂಡೆಯಲ್ಲೇ ಕೊರೆದದ್ದು. ಹಿಂದೆ ಅದರ ಮೇಲೆ ಕಲ್ಲುಚಪ್ಪಡಿ ಮುಚ್ಚಿತ್ತು, ನೀರಿಗೆ ಕಸ ಬೀಳದಿರಲಿ ಅಂತ. ನಡುನಡುವೆ ಸಣ್ಣ ತೊಟ್ಟಿಗಳಿವೆ, ಮಣ್ಣು ಅಡಿಗೆ ಕೂತು ತಿಳಿ ನೀರು ಮುಂದೆ ಹೋಗುತ್ತಿತ್ತು. ಬಲಗೋಡೆಯಲ್ಲಿ ಸುಟ್ಟ ಮಣ್ಣಿನ ಕೊಳವೆಗಳ ಸಾಲು ಇತ್ತು. ಒಂದರ ಬಾಯಿಗೆ ಇನ್ನೊಂದರ ತುದಿ ಸಿಕ್ಕಿಸಿ ಗಾರೆ ಹಾಕಿ ಬಿಗಿ ಮಾಡಿದ್ದು. ಚೂರುಗಳು ಈಗಲೂ ಕೆಲವು ಕಡೆ ಕಾಣುತ್ತವೆ. ಈ ನೀರು ಬರುತ್ತಿದ್ದದ್ದು ಊರಾಚೆಯ ಐನ್ ಮೂಸಾ ಎಂಬ ಚಿಲುಮೆಯಿಂದ. ಪಂಪ್ ಇಲ್ಲ, ಮೋಟರ್ ಇಲ್ಲ, ಬರೀ ಇಳಿಜಾರು. ಪ್ರವಾಹದ ನೀರನ್ನು ಬಾಗಿಲಲ್ಲೇ ಹೊರಗೆ ಹಾಕಿ, ಕುಡಿಯುವ ನೀರನ್ನು ಅದೇ ಬಾಗಿಲಿಂದ ಒಳಗೆ ಕರೆದುಕೊಂಡಿದ್ದಾರೆ! ಅಪ್ಪ ನಿವೃತ್ತ ಇಂಜಿನಿಯರ್. ಸಂದಿಯ ಕೊನೆಯಲ್ಲಿ ಬರುವ, ‘ಖಜಾನೆ’ ಅಂತ ಕರೆಯುವ ಕೆತ್ತನೆಯ ಮುಂದೆ ನಿಂತದ್ದಕ್ಕಿಂತ ಜಾಸ್ತಿ ಹೊತ್ತು ಆ ತೋಡಿನ ಮುಂದೆ ನಿಂತಿದ್ದರು.

ತೋಡಿನೊಳಗೆ ಕಾಲಿಡಬೇಡಿ, ಅದರ ಅಂಚಿನ ಮೇಲೆ ಕೂರಬೇಡಿ. ಮರಳುಗಲ್ಲು ಕೈ ಉಜ್ಜಿದರೂ ಉದುರುತ್ತದೆ.

ಗೋಡೆಯಲ್ಲಿ ಅಲ್ಲಲ್ಲಿ ಗೂಡುಗಳು ಕಾಣುತ್ತವೆ. ಒಳಗೆ ವಿಗ್ರಹ ಇರುವುದಿಲ್ಲ, ಬರೀ ಒಂದು ಚೌಕ ಕಲ್ಲು, ಕೆಲವಕ್ಕೆ ಎರಡು ಕಣ್ಣು ಅಷ್ಟೇ. ನಬಾಟಿಯನ್ನರ ದೇವರು ಹೀಗೇ. ದುಶಾರಾ ಅವರ ಮುಖ್ಯ ದೈವ. ಅಮ್ಮ ಒಂದು ಗೂಡಿನ ಮುಂದೆ ನಿಂತು, ‘ನಮ್ಮೂರ ಮಾರಮ್ಮನ ಕಲ್ಲೂ ಹೀಗೇ ಅಲ್ವೇನೋ? ಮುಖ ಎಲ್ಲಿದೆ ಅವಳಿಗೆ?’ ಅಂದಳು. ಕೈ ಮುಗಿದಳು ಕೂಡ. ಕೈ ಮುಗಿಯಿರಿ, ಕುಂಕುಮ ಹಚ್ಚುವ ಆಸೆ ಬಂದರೆ ಅದುಮಿಕೊಳ್ಳಿ.

ಅರ್ಧ ದಾಟಿದ ಮೇಲೆ ಎಡಗೋಡೆಯಲ್ಲಿ ಒಂಟೆಗಳನ್ನು ಹುಡುಕಿ. ಒಬ್ಬ ಮನುಷ್ಯ ಒಂಟೆ ನಡೆಸಿಕೊಂಡು ಬರುತ್ತಿರುವ ದೊಡ್ಡ ಉಬ್ಬುಶಿಲ್ಪ. ಮೇಲಿನ ಭಾಗ ಸವೆದುಹೋಗಿದೆ. ಉಳಿದಿರುವುದು ಒಂಟೆಯ ಹೊಟ್ಟೆ, ಕಾಲು, ಆ ಮನುಷ್ಯನ ಪಾದ, ಉಡುಪಿನ ಅಂಚು. ನೀರಿನ ತೋಡು ಆ ಕಾಲುಗಳ ಹಿಂದಿನಿಂದ ಹಾದುಹೋಗುತ್ತದೆ. ಸಾಂಬ್ರಾಣಿ, ಮಸಾಲೆ ಹೊತ್ತ ಸಾಲುಗಳು ಇದೇ ಸಂದಿಯಿಂದ ಊರೊಳಗೆ ಬರುತ್ತಿದ್ದವು. ದುಡ್ಡು ಮಾಡಿಕೊಟ್ಟ ಒಂಟೆಯನ್ನು ದಾರಿಯಲ್ಲೇ ಕೆತ್ತಿಟ್ಟರು ಅನ್ನಿಸಿತು ನನಗೆ.

ಎಷ್ಟು ಹೊತ್ತು ಬೇಕು? ಬೀಸುಗಾಲಲ್ಲಿ ಹೋದರೆ 20 ನಿಮಿಷ. ನೀವು ಒಂದು ಗಂಟೆ ಇಟ್ಟುಕೊಳ್ಳಿ. ಮೂರು ವಿಷಯ ನೆನಪಿರಲಿ. ನೋಡುವಾಗ ನಿಲ್ಲಿ, ನಡೆಯುವಾಗ ನೆಲ ನೋಡಿ. ಬ್ಯಾಟರಿ ಗಾಡಿ ಬಂದಾಗ ಎಲ್ಲರೂ ಒಂದೇ ಗೋಡೆಗೆ ಸರಿಯಿರಿ, ಅರ್ಧ ಜನ ಆ ಕಡೆ ಅರ್ಧ ಜನ ಈ ಕಡೆ ಆದರೆ ಡ್ರೈವರ್‌ಗೆ ಗೊಂದಲ. ಮಕ್ಕಳು ಪ್ರತಿಧ್ವನಿಗೆ ಕಿರುಚುತ್ತಾರೆ. ಎರಡು ಸಲ ಕಿರುಚಲಿ ಬಿಡಿ.

ಸಂದಿ ಮುಗಿಯುವಲ್ಲಿ

ಕೊನೆಯ ತಿರುವು ಹೆಚ್ಚು ಕತ್ತಲೆ. ಗೋಡೆಗಳ ನಡುವಿನ ಸೀಳಿನಲ್ಲಿ ಗುಲಾಬಿ ಬಣ್ಣದ ಒಂದು ಕಂಬ ಮಾತ್ರ ಕಾಣುತ್ತದೆ. ಇನ್ನೆರಡು ಹೆಜ್ಜೆಗೆ ಖಜಾನೆ ಅಂತ ಕರೆಯುವ ಅಲ್ ಖಜ್ನೆ ಪೂರ್ತಿ ಎದುರಿಗೆ, ಸುಮಾರು 40 ಮೀಟರ್ ಎತ್ತರ. ಇಲ್ಲಿ ಖಜಾನೆ ಇರಲಿಲ್ಲ, ಅದು ರಾಜರ ಗೋರಿ ಅಂತಲೇ ಈಗ ತಿಳಿದವರು ಹೇಳುವುದು. 2003ರಲ್ಲಿ ಅದರ ಕೆಳಗೆ ಗೋರಿಗಳು ಸಿಕ್ಕವು. ರಾಷ್ಟ್ರಕೂಟರು ಎಲ್ಲೋರದ ಕೈಲಾಸವನ್ನು ಬಂಡೆಯಿಂದ ಬಿಡಿಸಿದ ಹಾಗೆ ಇದನ್ನೂ ಬೆಟ್ಟದಿಂದ ಕೆತ್ತಿ ತೆಗೆದದ್ದು, ಕಟ್ಟಿದ್ದಲ್ಲ. ಒಳಗೆ ಬಿಡುವುದಿಲ್ಲ. ಬಿಸಿಲು ನೇರ ಮುಖಕ್ಕೆ ಬೀಳುವುದು ಸುಮಾರು 9ರಿಂದ 11ರ ನಡುವೆ. ಫೋಟೋ ಆಸೆಯಿದ್ದವರು ಅಲ್ಲಿ ತನಕ ಕೂತಿರಬಹುದು.

‘ಮೇಲಿಂದ ಸೂಪರ್ ವ್ಯೂ ತೋರಿಸ್ತೀನಿ’ ಅಂತ ಹುಡುಗರು ಬಂಡೆ ಹತ್ತಿಸಲು ಕರೆಯುತ್ತಾರೆ. ಅಡ್ಡದಾರಿ, ಕಡಿದು, ಕೈ ಹಿಡಿಯಲು ಏನೂ ಇಲ್ಲ. ಬೇಡ ಅನ್ನಿ. ಮುಂದೆ ನಾಟಕಶಾಲೆ, ರಾಜಗೋರಿಗಳು, 800ಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಹೋಗುವ ಮೊನಾಸ್ಟರಿ ಎಲ್ಲ ಇದೆ, ಅದು ಬೇರೆಯದೇ ಒಂದು ದಿನದ ಕೆಲಸ.

ವಾಪಸ್ ಬರುವುದು

ಹೋಗುವಾಗ ಗೊತ್ತೇ ಆಗದ ಇಳಿಜಾರು ಬರುವಾಗ ಲೆಕ್ಕ ಕೇಳುತ್ತದೆ. ಗೇಟಿನ ತನಕ ಒಟ್ಟು 2 ಕಿ.ಮೀ. ಏರು, ಕೊನೆಯ 800 ಮೀಟರ್‌ಗೆ ನೆರಳಿಲ್ಲ. ಮಂಡಿ, ಉಸಿರು, ಬಿಪಿ ತೊಂದರೆ ಇರುವವರು ನಡೆದು ಇಳಿಯಿರಿ, ಗಾಡಿಯಲ್ಲಿ ಹತ್ತಿ. ನಾವು ಮಾಡಿದ್ದರ ಉಲ್ಟಾ. ಗಾಡಿಗೆ ಮಧ್ಯಾಹ್ನ ಮೂರರ ಮೇಲೆ ಕ್ಯೂ ಉದ್ದ, ಹನ್ನೊಂದರೊಳಗೆ ಖಜಾನೆ ಮುಂದೆ ಹೋಗಿ ದರ ಕೇಳಿ ಸೀಟು ಹಿಡಿಯಿರಿ. ನಡೆದೇ ಬರುವವರು ಕಮರಿ ಅಗಲವಾಗುವ ಕಡೆಗಳಲ್ಲಿ ನಿಂತು ನೀರು ಕುಡಿದುಕೊಂಡು ಬನ್ನಿ. ಕಮರಿಯ ಬಾಯಿ ತಲುಪಿದಾಗ ಒಂದು ಬಾಟಲಿ ನೀರು ಉಳಿದಿರಲಿ, ಬಯಲು ದಾರಿಗೆ ಬೇಕು.

ನಡೆಯಲು ಆಗುವುದೇ ಇಲ್ಲ ಅನ್ನುವ ಹಿರಿಯರಿದ್ದರೆ ಅಲ್ಲಿಂದ ಕಾರಿನಲ್ಲಿ ಸ್ವಲ್ಪ ದೂರದ ‘ಚಿಕ್ಕ ಪೆಟ್ರಾ’ಕ್ಕೆ ಕರೆದುಕೊಂಡು ಹೋಗಿ. ಅಲ್ಲಿಯೂ ಒಂದು ಪುಟ್ಟ ಸಂದಿ ಇದೆ, ಹೆಸರು ಸಿಕ್ ಅಲ್ ಬಾರಿದ್, ತಣ್ಣನೆಯ ಸಿಕ್ ಅಂತ. ಟಿಕೆಟ್ ಇಲ್ಲ, ಉದ್ದ ಅರ್ಧ ಕಿಲೋಮೀಟರೂ ಇಲ್ಲ, ಜನವೂ ಕಮ್ಮಿ.

ಗೇಟಿನ ಹೊರಗೆ ಟೀ ಕುಡಿಯದೆ ಹೋಟೆಲಿಗೆ ಹೋಗಬೇಡಿ. ಹಾಲಿಲ್ಲದ ಟೀ, ಯಾವುದೋ ಗಿಡದ ಸೊಪ್ಪಿನ ಘಮ, ಪಾಯಸದಷ್ಟು ಸಿಹಿ. ಡಯಾಬಿಟಿಸ್ ಇರುವವರು ಕುದಿಸುವ ಮೊದಲೇ ಹೇಳಬೇಕು. ಅರಬ್ಬಿಯಲ್ಲಿ ಸಕ್ಕರೆಗೆ ‘ಸುಕ್ಕರ್’ ಅನ್ನುತ್ತಾರೆ. ಅಮ್ಮ ಅಚ್ಚ ಕನ್ನಡದಲ್ಲಿ ‘ಸಕ್ಕರೆ ಕಮ್ಮಿ ಹಾಕಪ್ಪ’ ಅಂದಳು. ಅಂಗಡಿಯವನು ತಲೆಯಾಡಿಸಿ ಒಂದೇ ಚಮಚ ಹಾಕಿದ.